ಭದ್ರತಾ ಸಮಿತಿ ಅಧ್ಯಕ್ಷರೇ ‘ಬೇಡ’ ಎಂದಾಗ: ರ‍್ಯಾಂಡ್ ಪಾಲ್ ಅವರ ಮತಪಟ್ಟಿ ಓದುವುದು ಹೇಗೆ?

2025ರ ಜುಲೈ 1ರಂದು ಅಮೆರಿಕದ ಸೆನೆಟ್‌ನಲ್ಲಿ ಮತ 50–50 ಆಯಿತು. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ತಮ್ಮ ಮತ ಹಾಕಿದ ಮೇಲೆಯೇ ಟ್ರಂಪ್ ಅವರ ದೊಡ್ಡ ಮಸೂದೆ ಪಾಸಾಗಿದ್ದು. ಗಡಿ ಗೋಡೆ, ವಲಸಿಗರನ್ನು ಹಿಡಿದಿಡುವ ಕೇಂದ್ರಗಳು, ಗಡಿ ಕಾವಲು, ಇವಕ್ಕೆಲ್ಲ ಆ ಮಸೂದೆಯಲ್ಲಿ ಭಾರೀ ಹಣ ಇತ್ತು. ಅದಕ್ಕೆ ‘ಬೇಡ’ ಎಂದ ರಿಪಬ್ಲಿಕನ್ನರು ಮೂವರು: ಸೂಸನ್ ಕಾಲಿನ್ಸ್, ಥಾಮ್ ಟಿಲ್ಲಿಸ್, ರ‍್ಯಾಂಡ್ ಪಾಲ್. ಮೂರನೆಯವರ ಹೆಸರು ನೋಡಿ ಎಷ್ಟೋ ಓದುಗರು ಹುಬ್ಬೇರಿಸಿದರು. ಏಕೆಂದರೆ ಸೆನೆಟ್‌ನ ಆಂತರಿಕ ಭದ್ರತೆ ಮತ್ತು ಸರ್ಕಾರಿ ವ್ಯವಹಾರಗಳ ಸಮಿತಿಗೆ ಪಾಲ್ ಅವರೇ ಅಧ್ಯಕ್ಷರು.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ಕಥೆ ಮತ್ತೆ. 43 ದಿನ ಸರ್ಕಾರ ಬಾಗಿಲು ಹಾಕಿಕೊಂಡಿತ್ತು. ಅದನ್ನು ತೆರೆಯುವ ಮಸೂದೆ ನವೆಂಬರ್ 10ರಂದು 60–40ರಲ್ಲಿ ಪಾಸಾಯಿತು. ವಿರೋಧಿಸಿದ ಏಕೈಕ ರಿಪಬ್ಲಿಕನ್ ಪಾಲ್.

ಹಾಗಾದರೆ ಈ ಮನುಷ್ಯ ಗಡಿ ಭದ್ರತೆಗೆ ವಿರೋಧಿಯೇ? ಡೆಮಾಕ್ರಟಿಕ್ ಪಕ್ಷದ ಕಡೆ ವಾಲುತ್ತಿದ್ದಾರೆಯೇ? ಅಥವಾ ಸುಮ್ನೆ ಹಟಮಾರಿಯೇ? ಮತಪಟ್ಟಿಯನ್ನು ಬರೀ ‘ಹೌದು’, ‘ಬೇಡ’ ಅಂತ ಎಣಿಸಿದರೆ ಈ ಮೂರೂ ನಿಜ ಅನ್ನಿಸುತ್ತವೆ. ಪ್ರತಿ ಮತದ ಹಿಂದೆ ಕೇಳಿದ ಪ್ರಶ್ನೆ ಏನಾಗಿತ್ತು ಎಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಹೆಸರು ದೊಡ್ಡದು, ಅಧಿಕಾರ ತುಂಡು ತುಂಡು

ಮೊದಲು ಈ ಸಮಿತಿ ಏನು ಅಂತ ತಿಳಿದುಕೊಳ್ಳೋಣ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 2002ರಲ್ಲಿ, ಅಮೆರಿಕ ಆಂತರಿಕ ಭದ್ರತಾ ಇಲಾಖೆಯನ್ನು ಹುಟ್ಟುಹಾಕಿತು. 22 ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ಸೂರಿನಡಿ ತಂದರು. ಗಡಿ ಕಾವಲು, ವಿಮಾನ ನಿಲ್ದಾಣದ ತಪಾಸಣೆ, ಕರಾವಳಿ ಪಡೆ, ಪ್ರವಾಹ–ಚಂಡಮಾರುತದ ಪರಿಹಾರ, ಅಧ್ಯಕ್ಷರ ಅಂಗರಕ್ಷಣೆ, ವಲಸೆ ಅರ್ಜಿಗಳ ವಿಲೇವಾರಿ, ಎಲ್ಲವೂ ಈಗ ಅಲ್ಲೇ. ಸೆನೆಟ್‌ನಲ್ಲಿ ಮೊದಲೇ ಇದ್ದ ಸರ್ಕಾರಿ ವ್ಯವಹಾರಗಳ ಸಮಿತಿಗೆ 2005ರಲ್ಲಿ ಈ ಇಲಾಖೆಯ ಉಸ್ತುವಾರಿಯನ್ನೂ ಸೇರಿಸಿ ಹೆಸರು ಉದ್ದ ಮಾಡಿದರು. ಹಾಗಾಗಿ ಒಂದೇ ಸಮಿತಿ ಒಂದು ದಿನ ಗಡಿ ಬಗ್ಗೆ, ಮರುದಿನ ಅಂಚೆ ಇಲಾಖೆ ಬಗ್ಗೆ, ಇನ್ನೊಂದು ದಿನ ಕೇಂದ್ರ ನೌಕರರ ಬಗ್ಗೆ ಕೂತು ಮಾತಾಡುತ್ತದೆ.

ಆದರೆ ಹೆಸರಿನಲ್ಲಿ ‘ಭದ್ರತೆ’ ಇದ್ದ ಮಾತ್ರಕ್ಕೆ ಭದ್ರತೆಯೆಲ್ಲ ಇವರ ಕೈಯಲ್ಲಿಲ್ಲ. ವಲಸೆ ಕಾನೂನು ಮತ್ತು ಎಫ್‌ಬಿಐ ನ್ಯಾಯಾಂಗ ಸಮಿತಿಯ ಪಾಲು. ಬೇಹುಗಾರಿಕೆಗೆ ಬೇರೆಯೇ ಸಮಿತಿ. ಕರಾವಳಿ ಪಡೆ ವಾಣಿಜ್ಯ ಸಮಿತಿಗೆ ಸೇರಿದ್ದು. ಹಣ ಹಂಚುವುದು ಇನ್ನೊಂದು ಸಮಿತಿ. ಪಾಲ್ ಅವರ ಮತಪಟ್ಟಿಯಲ್ಲಿ ‘ಭದ್ರತೆ’ ಎಂಬ ಹಣೆಪಟ್ಟಿ ಹೊತ್ತ ಮತಗಳಲ್ಲಿ ಎಷ್ಟೋ ಅವರ ಸಮಿತಿಯ ಮೇಜಿಗೇ ಬರದ ವಿಷಯಗಳು. ಅಂಥ ಕಡೆ ಅವರು ನೂರರಲ್ಲಿ ಒಬ್ಬರು, ಅಷ್ಟೇ.

ಪಾಲ್ ಮೂಲತಃ ಕಣ್ಣಿನ ಡಾಕ್ಟರು, ಕೆಂಟಕಿಯ ಬೌಲಿಂಗ್ ಗ್ರೀನ್ ಊರಿನವರು. 2010ರಲ್ಲಿ ಗೆದ್ದು 2011ರ ಜನವರಿಯಿಂದ ಸೆನೆಟ್‌ನಲ್ಲಿದ್ದಾರೆ. ತಂದೆ ರಾನ್ ಪಾಲ್ 2001ರಲ್ಲಿ ಕೆಳಮನೆಯಲ್ಲಿ, ಸೆಪ್ಟೆಂಬರ್ 11ರ ದಾಳಿಯ ಬೆನ್ನಲ್ಲೇ ಸರ್ಕಾರಕ್ಕೆ ಹೆಚ್ಚಿನ ಬೇಹುಗಾರಿಕೆ ಅಧಿಕಾರ ಕೊಟ್ಟ ಪೇಟ್ರಿಯಟ್ ಕಾನೂನಿಗೆ ‘ಬೇಡ’ ಎಂದ ಬೆರಳೆಣಿಕೆಯ ರಿಪಬ್ಲಿಕನ್ನರಲ್ಲಿ ಒಬ್ಬರು. ಮಗನಿಗೆ ಆ ಬಳುವಳಿ ಪೂರ್ತಿ ಬಂದಿದೆ.

ಹೆಸರು ಕೂಗಿದಾಗ ಆಗುವುದೇನು?

ಸೆನೆಟ್‌ನಲ್ಲಿ ಇವತ್ತಿಗೂ ಗುಂಡಿ ಒತ್ತಿ ಮತ ಹಾಕುವುದಿಲ್ಲ. ಗುಮಾಸ್ತರು ಅಕ್ಷರಕ್ರಮದಲ್ಲಿ ಹೆಸರು ಕೂಗುತ್ತಾರೆ. ತಡವಾಗಿ ಬಂದವರು ಮುಂದಿನ ಮೇಜಿನ ಹತ್ತಿರ ಹೋಗಿ ಹೆಬ್ಬೆರಳು ಮೇಲೆ ಅಥವಾ ಕೆಳಗೆ ತೋರಿಸುತ್ತಾರೆ. ಗುಮಾಸ್ತರು ಅದನ್ನು ಓದಿ ಹೇಳುತ್ತಾರೆ. ಹಾಜರಿರುವವರಲ್ಲಿ ಐದನೇ ಒಂದು ಭಾಗ ಕೇಳಿದರೆ ಯಾರು ಯಾವ ಕಡೆ ಅಂತ ಹೆಸರು ಸಮೇತ ದಾಖಲಿಸಲೇಬೇಕು. ಇದು ಅವರ ಸಂವಿಧಾನದಲ್ಲೇ ಇದೆ. ಆ ದಾಖಲೆಯೇ ಮತಪಟ್ಟಿ. ಅದನ್ನಿಟ್ಟುಕೊಂಡು ಹತ್ತಾರು ಸಂಘಟನೆಗಳು ಪ್ರತಿ ಸದಸ್ಯನಿಗೂ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತವೆ.

ಅಂಕದ ತೊಂದರೆ ಶುರುವಾಗುವುದೇ ಇಲ್ಲಿ. ಆ ದಾಖಲೆಯಲ್ಲಿ ಕಾರಣ ಬರೆಯುವ ಜಾಗವಿಲ್ಲ.

ಮತವೂ ಒಂದೇ ತರಹದ್ದಲ್ಲ. ಮಸೂದೆ ಪಾಸು ಮಾಡುವ ಮತ ಬೇರೆ, ಚರ್ಚೆ ಸಾಕು ಎಂದು ಮುಂದಕ್ಕೆ ಹೋಗುವ ಮತ ಬೇರೆ. ಎರಡನೆಯದಕ್ಕೆ 60 ಜನ ಬೇಕು. ಬಹುಮತ ಇರುವ ಪಕ್ಷದ ನಾಯಕರು ಕೆಲವೊಮ್ಮೆ ತಾವೇ ಬೆಂಬಲಿಸುವ ಮಸೂದೆ ಸೋಲುವುದು ಖಚಿತವಾದಾಗ ಕೊನೇ ಗಳಿಗೆಯಲ್ಲಿ ‘ಬೇಡ’ ಎಂದು ಮತ ಬದಲಿಸುತ್ತಾರೆ. ಸೋತ ಗೊತ್ತುವಳಿಯನ್ನು ಮತ್ತೆ ತರುವ ಹಕ್ಕು ಗೆದ್ದ ಕಡೆಯವರಿಗೇ ಇರುವುದರಿಂದ ಈ ಉಪಾಯ. ಗೊತ್ತಿಲ್ಲದವರಿಗೆ ಅದೂ ವಿರೋಧದ ಮತವೇ.

2015ರ ಜೂನ್ 2: ಒಂದೇ ಸಾಲಿನಲ್ಲಿ ಮೂವರು

ಈ ಗೊಂದಲ ಅರ್ಥವಾಗಬೇಕಾದರೆ ಹತ್ತು ವರ್ಷ ಹಿಂದಿನ ಒಂದು ಮತವನ್ನು ಹತ್ತಿರದಿಂದ ನೋಡಬೇಕು.

2013ರ ಜೂನ್‌ನಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆಯ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ದಾಖಲೆಗಳಿಂದ ಒಂದು ಸಂಗತಿ ಹೊರಬಿತ್ತು. ಪೇಟ್ರಿಯಟ್ ಕಾನೂನಿನ 215ನೇ ಸೆಕ್ಷನ್ ಹೆಸರಲ್ಲಿ ಸರ್ಕಾರ ಅಮೆರಿಕನ್ನರ ಫೋನ್ ಕರೆಗಳ ವಿವರವನ್ನು ರಾಶಿ ರಾಶಿಯಾಗಿ ಸಂಗ್ರಹಿಸುತ್ತಿತ್ತು. ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಅಂತ. ಆ ಸೆಕ್ಷನ್‌ನ ಅವಧಿ 2015ರ ಮೇ ಕೊನೆಗೆ ಮುಗಿಯುತ್ತಿತ್ತು. ಮೇ 7ರಂದು ಒಂದು ಮೇಲ್ಮನವಿ ನ್ಯಾಯಾಲಯ ಈ ಸಂಗ್ರಹ ಕಾನೂನು ಮೀರಿದ್ದು ಎಂದಿತು. ಮೇ 20ರಂದು ಪಾಲ್ ಸದನದಲ್ಲಿ ನಿಂತು ಹತ್ತೂವರೆ ಗಂಟೆ ಮಾತಾಡಿದರು. ಮೇ 31ರ ಭಾನುವಾರ, ಕೆಲವು ದಿನಗಳ ಮಟ್ಟಿಗಾದರೂ ಅವಧಿ ವಿಸ್ತರಿಸೋಣ ಎಂದಾಗ ಅದಕ್ಕೂ ಒಪ್ಪಲಿಲ್ಲ. ನಡುರಾತ್ರಿಗೆ ಸೆಕ್ಷನ್ ಸತ್ತುಹೋಯಿತು.

ಎರಡು ದಿನದ ನಂತರ ಬದಲಿ ಕಾನೂನು ಮತಕ್ಕೆ ಬಂತು. ಹೆಸರು ಯುಎಸ್‌ಎ ಫ್ರೀಡಂ ಕಾನೂನು. ಕರೆಗಳ ವಿವರ ಇನ್ನು ಮೇಲೆ ಫೋನ್ ಕಂಪನಿಗಳ ಹತ್ತಿರವೇ ಇರಲಿ, ಸರ್ಕಾರಕ್ಕೆ ಬೇಕಾದರೆ ನ್ಯಾಯಾಲಯದ ಆದೇಶ ತೆಗೆದುಕೊಂಡು ನಿರ್ದಿಷ್ಟವಾಗಿ ಕೇಳಲಿ ಎನ್ನುವುದು ಅದರ ತಿರುಳು. ಬೇಹುಗಾರಿಕೆಗೆ ಕಡಿವಾಣ ಹಾಕುವ ಮಸೂದೆ. 67–32ರಲ್ಲಿ ಪಾಸಾಯಿತು.

‘ಬೇಡ’ ಎಂದವರ ಸಾಲಿನಲ್ಲಿ ಕೆಂಟಕಿಯ ಇಬ್ಬರೂ ಸೆನೆಟರ್‌ಗಳಿದ್ದರು. ಮಿಚ್ ಮ್ಯಾಕ್‌ಕಾನೆಲ್ ‘ಬೇಡ’ ಎಂದಿದ್ದು ಕಡಿವಾಣ ಜಾಸ್ತಿಯಾಯಿತು, ಭಯೋತ್ಪಾದಕರನ್ನು ಹಿಡಿಯಲು ಕಷ್ಟವಾಗುತ್ತದೆ ಅಂತ. ಪಾಲ್ ‘ಬೇಡ’ ಎಂದಿದ್ದು ಕಡಿವಾಣ ಸಾಲದು ಅಂತ. ಅದೇ ಸಾಲಿನಲ್ಲಿ ಮೂರನೇ ಹೆಸರು ವರ್ಮಾಂಟ್‌ನ ಎಡಪಂಥೀಯ ಬರ್ನಿ ಸ್ಯಾಂಡರ್ಸ್ ಅವರದು. ಅವರ ಕಾರಣ ಪಾಲ್ ಅವರ ಕಾರಣಕ್ಕೆ ಹತ್ತಿರ. ಒಂದೇ ರಾಜ್ಯದ, ಒಂದೇ ಪಕ್ಷದ ಇಬ್ಬರು ಒಂದೇ ಮತ ಹಾಕಿದ್ದು ಉತ್ತರ–ದಕ್ಷಿಣದ ಕಾರಣಕ್ಕೆ. ಬೇರೆ ಬೇರೆ ಸಿದ್ಧಾಂತದ ಇಬ್ಬರು ಒಂದೇ ಮತ ಹಾಕಿದ್ದು ಒಂದೇ ಕಾರಣಕ್ಕೆ. ಯಾವ ಅಂಕಪಟ್ಟಿಯೂ ಇದನ್ನು ತೋರಿಸಲಾರದು.

ಪಾಲ್ ಅವರ ಹಟಕ್ಕೆ ಬೆಲೆಯೂ ಇದೆ. ಈ ಮಸೂದೆಯ ಇನ್ನೂ ಬಿಗಿಯಾದ ರೂಪ 2014ರ ನವೆಂಬರ್‌ನಲ್ಲೇ ಬಂದಿತ್ತು. ಮುಂದಕ್ಕೆ ಹೋಗಲು 60 ಬೇಕಿತ್ತು, ಸಿಕ್ಕಿದ್ದು 58. ಪೇಟ್ರಿಯಟ್ ಕಾನೂನಿನ ಅವಧಿಯನ್ನೂ ಅದು ವಿಸ್ತರಿಸುತ್ತಿತ್ತು ಎನ್ನುವ ಕಾರಣಕ್ಕೆ ಪಾಲ್ ಆಗಲೂ ‘ಬೇಡ’ ಎಂದರು. ಅವರೊಬ್ಬರು ಬಂದಿದ್ದರೂ 59 ಆಗುತ್ತಿತ್ತು, ನಿಜ. ಆದರೆ ಪೂರ್ತಿ ಸಿಗದಿದ್ದರೆ ಅರ್ಧವೂ ಬೇಡ ಎನ್ನುವವರು ಕಡಿಮೆ ಸುಧಾರಣೆಯೊಂದಿಗೆ ಮನೆಗೆ ಹೋಗಬೇಕಾಗುತ್ತದೆ. ಆರು ತಿಂಗಳ ನಂತರ ಆಗಿದ್ದು ಅದೇ.

ಅವರ ಮತಗಳ ಹಿಂದಿನ ಮೂರು ಪ್ರಶ್ನೆ

ಇಷ್ಟು ವರ್ಷದ ಮತಗಳನ್ನು ಸಾಲಾಗಿ ಜೋಡಿಸಿದರೆ ಪಾಲ್ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾರೆ ಅನ್ನಿಸುತ್ತದೆ. ನಾಗರಿಕನ ವಿವರ ಮುಟ್ಟುವ ಮೊದಲು ನ್ಯಾಯಾಧೀಶರ ವಾರಂಟ್ ಇದೆಯೇ? ಇದಕ್ಕೆ ಹಣ ಸಾಲ ಮಾಡಿ ತರಬೇಕೇ? ದೇಶದ ಅಧ್ಯಕ್ಷರು ಸಂಸತ್ತನ್ನು ದಾಟಿ ಹೋಗುತ್ತಿದ್ದಾರೆಯೇ?

ಮೊದಲನೇ ಪ್ರಶ್ನೆಗೆ ಉದಾಹರಣೆಗಳು ಬೇಕಾದಷ್ಟು. 2011ರ ಮೇನಲ್ಲಿ ಪೇಟ್ರಿಯಟ್ ಕಾನೂನಿನ ವಿಸ್ತರಣೆ 72–23ರಲ್ಲಿ ಪಾಸಾದಾಗ ಪಾಲ್ ವಿರುದ್ಧ. 2013ರ ಮಾರ್ಚ್‌ನಲ್ಲಿ ಸಿಐಎಗೆ ಜಾನ್ ಬ್ರೆನನ್ ಅವರ ನೇಮಕವನ್ನು ತಡೆಯುತ್ತ ಸುಮಾರು 13 ಗಂಟೆ ಭಾಷಣ ಮಾಡಿದರು. ಅಮೆರಿಕದ ನೆಲದಲ್ಲೇ ಅಮೆರಿಕದ ನಾಗರಿಕನನ್ನು ವಿಚಾರಣೆ ಇಲ್ಲದೆ ಡ್ರೋನ್‌ನಿಂದ ಕೊಲ್ಲಬಹುದೇ ಎನ್ನುವುದು ಅವರ ಪ್ರಶ್ನೆಯಾಗಿತ್ತು. ಹೊರದೇಶದಲ್ಲಿರುವ ವಿದೇಶಿಯರ ಸಂದೇಶಗಳನ್ನು ವಾರಂಟ್ ಇಲ್ಲದೆ ತೆಗೆಯಲು ಬಿಡುವ, ಬೇಹುಗಾರಿಕೆಯ 702ನೇ ಸೆಕ್ಷನ್ 2018ರ ಜನವರಿಯಲ್ಲಿ 65–34ರಲ್ಲಿ, 2024ರ ಏಪ್ರಿಲ್‌ನಲ್ಲಿ 60–34ರಲ್ಲಿ ಮುಂದುವರಿಯಿತು. ಎರಡೂ ಸಲ ಅವರದು ‘ಬೇಡ’. ಒಬಾಮಾ ಇದ್ದಾಗ, ಟ್ರಂಪ್ ಇದ್ದಾಗ, ಬೈಡನ್ ಇದ್ದಾಗ, ಮೂರೂ ಕಾಲದಲ್ಲಿ ಒಂದೇ ಉತ್ತರ. ರಾಜಕೀಯದಲ್ಲಿ ಇದು ಅಪರೂಪ, ಅಲ್ವಾ?

ಮೂರನೇ ಪ್ರಶ್ನೆಗೆ 2019 ನೋಡಿ. ಗಡಿ ಗೋಡೆಗೆ ಸಂಸತ್ತು ಕೇಳಿದಷ್ಟು ಹಣ ಕೊಡದಿದ್ದಾಗ ಟ್ರಂಪ್ ತುರ್ತು ಪರಿಸ್ಥಿತಿ ಘೋಷಿಸಿ ಬೇರೆ ಬಾಬ್ತಿನ ಹಣ ತಿರುಗಿಸಲು ಹೊರಟರು. ಆ ಘೋಷಣೆಯನ್ನು ರದ್ದು ಮಾಡುವ ಗೊತ್ತುವಳಿಗೆ ಮಾರ್ಚ್ 14ರಂದು ಸೆನೆಟ್ 59–41ರಲ್ಲಿ ಒಪ್ಪಿತು. ಹಾಗೆ ಮತ ಹಾಕಿದ 12 ರಿಪಬ್ಲಿಕನ್ನರಲ್ಲಿ ಪಾಲ್ ಒಬ್ಬರು. ಟ್ರಂಪ್ ಮರುದಿನವೇ ವೀಟೊ ಹಾಕಿದರು. 2025ರ ಏಪ್ರಿಲ್‌ನಲ್ಲಿ ಕೆನಡಾದ ಮೇಲಿನ ಸುಂಕಕ್ಕೆ ಬಳಸಿದ ತುರ್ತು ಅಧಿಕಾರದ ವಿರುದ್ಧ ಗೊತ್ತುವಳಿ 51–48ರಲ್ಲಿ ಗೆದ್ದಾಗಲೂ ಜೊತೆಗಿದ್ದ ನಾಲ್ವರು ರಿಪಬ್ಲಿಕನ್ನರಲ್ಲಿ ಅವರಿದ್ದರು.

ಜುಲೈನ ‘ಬೇಡ’ ಗಡಿಗೆ ಹೇಳಿದ್ದಲ್ಲ

ಈಗ ಎರಡನೇ ಪ್ರಶ್ನೆ, ಸಾಲ. 2025ರ ದೊಡ್ಡ ಮಸೂದೆ ಬಜೆಟ್‌ಗೆಂದೇ ಇರುವ ವಿಶೇಷ ದಾರಿಯಲ್ಲಿ ಬಂತು. ಆ ದಾರಿಯಲ್ಲಿ 60 ಬೇಕಿಲ್ಲ, ಸರಳ ಬಹುಮತ ಸಾಕು. ಅದಕ್ಕಾಗಿಯೇ ತೆರಿಗೆ, ಆರೋಗ್ಯ, ಗಡಿ, ಸಾಲದ ಮಿತಿ ಎಲ್ಲವನ್ನೂ ಒಂದೇ ಮಸೂದೆಗೆ ತುಂಬಿದರು. ಗಡಿ ಗೋಡೆಗೆ 4,650 ಕೋಟಿ ಡಾಲರ್, ವಲಸಿಗರ ಬಂಧನ ಕೇಂದ್ರಗಳಿಗೆ 4,500 ಕೋಟಿ ಡಾಲರ್. ಜೊತೆಗೆ ದೇಶದ ಸಾಲದ ಮಿತಿ 5 ಲಕ್ಷ ಕೋಟಿ ಡಾಲರ್ ಏರಿಕೆ.

ಪಾಲ್ ಅವರ ಮುಖ್ಯ ತಕರಾರು ಕೊನೆಯದರ ಬಗ್ಗೆ. ಸಾಲದ ಮಿತಿ ಏರಿಸುವುದನ್ನು ತೆಗೆದರೆ ಉಳಿದದ್ದನ್ನು ಬೆಂಬಲಿಸಬಹುದು ಎಂದು ಮೊದಲಿನಿಂದ ಹೇಳುತ್ತ ಬಂದರು. ತೆಗೆಯಲಿಲ್ಲ. ಫುಲ್ ಮೀಲ್ಸ್‌ನಲ್ಲಿ ಒಂದು ಪಲ್ಯ ಸರಿಯಿಲ್ಲ ಅಂತ ಇಡೀ ಎಲೆ ವಾಪಸ್ ಕಳಿಸಬೇಕಾದ ಪರಿಸ್ಥಿತಿ. ಬೇರೆ ಆಯ್ಕೆ ಇರಲಿಲ್ಲ.

ಗಡಿ ಹಣದ ಬಗ್ಗೆಯೂ ಅವರಿಗೆ ತಕರಾರಿತ್ತು, ಆದರೆ ಅದು ಮೊತ್ತದ ಬಗ್ಗೆ. ಗೋಡೆಗೆ ಇಷ್ಟು ದುಡ್ಡು ಯಾಕೆ, ಲೆಕ್ಕ ತೋರಿಸಿ ಎಂದರು. ತಮ್ಮ ಸಮಿತಿಯಿಂದ ಬಹಳ ಕಡಿಮೆ ಮೊತ್ತದ ಕರಡು ಮುಂದಿಟ್ಟರು. ಆಗ ಆಗಿದ್ದು ಕುತೂಹಲದ ಸಂಗತಿ. ಬಜೆಟ್ ಸಮಿತಿಯ ಅಧ್ಯಕ್ಷ ಲಿಂಡ್ಸೆ ಗ್ರಹಾಂ ಅದನ್ನು ಬದಿಗಿಟ್ಟು ಶ್ವೇತಭವನ ಕೇಳಿದ ಮೊತ್ತದ ತಮ್ಮದೇ ಕರಡು ತಂದರು. ಅಂದರೆ ಭದ್ರತಾ ಸಮಿತಿಯ ಅಧ್ಯಕ್ಷರನ್ನು ಭದ್ರತೆಯ ಹಣದ ವಿಷಯದಲ್ಲೇ ದಾಟಿ ಹೋದರು. ಜುಲೈ 1ರ ‘ಬೇಡ’ ಬರುವಷ್ಟರಲ್ಲಿ ಅವರ ನಿಜವಾದ ಸೋಲು ಆಗಿಹೋಗಿತ್ತು. ಅದು ಯಾವ ಪಟ್ಟಿಯಲ್ಲೂ ಇಲ್ಲ.

ನವೆಂಬರ್‌ನ ‘ಬೇಡ’ಕ್ಕೆ ಎರಡು ಪದರ ಇದೆ. ತಾತ್ಕಾಲಿಕ ಬಜೆಟ್ ಹಳೇ ಖರ್ಚನ್ನೇ ಮುಂದುವರಿಸುತ್ತದೆ, ಸಾಲ ಬೆಳೆಯುತ್ತದೆ ಎನ್ನುವುದು ಅಕ್ಟೋಬರ್ ಇಡೀ ಅವರು ಹೇಳಿದ ಕಾರಣ. ಕೊನೆಗೆ ಮಸೂದೆಗೆ ಇನ್ನೊಂದು ವಿಷಯ ಸೇರಿಕೊಂಡಿತು: ಹೆಂಪ್. ಗಾಂಜಾ ಜಾತಿಯದೇ, ಆದರೆ ನಶೆಯ ಅಂಶ ತೀರಾ ಕಡಿಮೆ ಇರುವ ಬೆಳೆ. ಕೆಂಟಕಿಯಲ್ಲಿ ಎಷ್ಟೋ ರೈತರು ಅದನ್ನು ನಂಬಿಕೊಂಡಿದ್ದಾರೆ. ಒಂದು ಡಬ್ಬಿಯಲ್ಲಿ 0.4 ಮಿಲಿಗ್ರಾಂಗಿಂತ ಜಾಸ್ತಿ ನಶೆಯ ಅಂಶ ಇರುವ ಹೆಂಪ್ ಉತ್ಪನ್ನಗಳನ್ನು ಒಂದು ವರ್ಷದ ನಂತರ ನಿಷೇಧಿಸುವ ಷರತ್ತನ್ನು ಮಸೂದೆಗೆ ಹಾಕಿದರು. ಅದನ್ನು ಕೈಬಿಡಿ ಎಂದ ಪಾಲ್ ಅವರ ತಿದ್ದುಪಡಿಯನ್ನು ಸೆನೆಟ್ 76–24ರಲ್ಲಿ ಬದಿಗೆ ಸರಿಸಿತು. ಷರತ್ತಿನ ಹಿಂದೆ ಇದ್ದವರು ಯಾರು? ಮತ್ತೆ ಅದೇ ಮ್ಯಾಕ್‌ಕಾನೆಲ್. 2018ರಲ್ಲಿ ಹೆಂಪ್ ಬೆಳೆಗೆ ಕಾನೂನಿನ ಒಪ್ಪಿಗೆ ಕೊಡಿಸಿದವರೂ ಅವರೇ.

ಆ 43 ದಿನ ವಿಮಾನ ನಿಲ್ದಾಣಗಳಲ್ಲಿ ಬ್ಯಾಗ್ ತಪಾಸಣೆ ಮಾಡುವ ಸಿಬ್ಬಂದಿ ಸಂಬಳವಿಲ್ಲದೆ ದುಡಿದರು. ಅವರು ಪಾಲ್ ಅವರ ಸಮಿತಿ ನೋಡಿಕೊಳ್ಳುವ ಇಲಾಖೆಯ ನೌಕರರೇ. ತತ್ವದ ಮತ ಅಂತ ಹೇಳುವಾಗ ಈ ಕಡೆಯನ್ನೂ ಹೇಳಬೇಕು.

ಮತವೇ ನಡೆಯದ ಕಡೆ ನಡೆದಿದ್ದು

ಪಾಲ್ ಅವರ ಹೆಚ್ಚಿನ ಪ್ರಭಾವ ಕಂಡಿದ್ದು ಹೆಸರು ಕೂಗದ ಜಾಗದಲ್ಲಿ. ಸೈಬರ್ ದಾಳಿಯ ಸುಳಿವುಗಳನ್ನು ಖಾಸಗಿ ಕಂಪನಿಗಳು ಸರ್ಕಾರದ ಜೊತೆ, ಒಂದಕ್ಕೊಂದು ಹಂಚಿಕೊಂಡರೆ ಅವುಗಳ ಮೇಲೆ ಕೇಸು ಬೀಳದ ಹಾಗೆ ರಕ್ಷಣೆ ಕೊಡುವ ಕಾನೂನೊಂದು 2015ರಲ್ಲಿ ಬಂದಿತ್ತು. ಅದಕ್ಕೆ ಹತ್ತು ವರ್ಷದ ಆಯಸ್ಸು. 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಬ್ಯಾಂಕುಗಳು, ವಿದ್ಯುತ್ ಕಂಪನಿಗಳು, ಎರಡೂ ಪಕ್ಷಗಳ ಬಹಳಷ್ಟು ಸದಸ್ಯರು ಅದನ್ನು ಮುಂದುವರಿಸಿ ಎನ್ನುತ್ತಿದ್ದರು.

ಆದರೆ ಮಸೂದೆ ಬರಬೇಕಾದದ್ದು ಪಾಲ್ ಅವರ ಸಮಿತಿಯಿಂದ. ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಆನ್‌ಲೈನ್ ಅಭಿಪ್ರಾಯಗಳನ್ನು ಹತ್ತಿಕ್ಕಲು ಕೈ ಹಾಕಿತ್ತು ಎನ್ನುವುದು ಅವರ ಹಳೇ ಆಕ್ಷೇಪ. ಅದಕ್ಕೆ ತಡೆ ಹಾಕುವ ಮಾತು ಸೇರಿಸಬೇಕು ಎಂದರು. ಸಮಿತಿಯ ಹಿರಿಯ ಡೆಮಾಕ್ರಟ್ ಗ್ಯಾರಿ ಪೀಟರ್ಸ್ ಇದ್ದ ಹಾಗೆಯೇ ಮುಂದುವರಿಸೋಣ ಎಂದು ಸದನದಲ್ಲಿ ಸರ್ವಾನುಮತ ಕೇಳಿದರು. ಸರ್ವಾನುಮತ ಎಂದರೆ ಒಬ್ಬರು ‘ನನ್ನ ಆಕ್ಷೇಪ ಇದೆ’ ಅಂದರೂ ಮುಗಿಯಿತು. ಪಾಲ್ ಅಂದರು. ಮತ ಎಣಿಕೆ ಇಲ್ಲ, ಪಟ್ಟಿ ಇಲ್ಲ, ಅಂಕವೂ ಇಲ್ಲ. ಕಾನೂನು ಆರು ವಾರ ಸತ್ತು ಬಿದ್ದಿತ್ತು. ನವೆಂಬರ್‌ನ ಬಜೆಟ್ ಮಸೂದೆ 2026ರ ಜನವರಿ 30ರವರೆಗೆ ಅಂತ ತಾತ್ಕಾಲಿಕ ಜೀವ ಕೊಟ್ಟಿತು. ಪಾಲ್ ವಿರೋಧಿಸಿದ್ದು ಇದೇ ಮಸೂದೆಯನ್ನು ಎನ್ನುವುದು ಕೊಸರು.

ಸಮಿತಿಯ ಅಧ್ಯಕ್ಷರ ನಿಜವಾದ ಅಧಿಕಾರ ಇದೇ: ಯಾವುದು ಮೇಜಿಗೆ ಬರಬೇಕು, ಯಾವುದು ಬರಬಾರದು. 2025ರಲ್ಲಿ ಕೂತ ಈ ಸಮಿತಿಯಲ್ಲಿ ರಿಪಬ್ಲಿಕನ್ನರು 8, ಡೆಮಾಕ್ರಟರು 7. ಅಧ್ಯಕ್ಷರೇ ಆ ಕಡೆ ವಾಲಿದರೆ ಲೆಕ್ಕ ತಲೆಕೆಳಗು.

ಮೆಚ್ಚುವವರು, ಬೈಯುವವರು

ಪಾಲ್ ಬಗ್ಗೆ ಮೂರು ಬಣ ಮೂರು ಮಾತಾಡುತ್ತವೆ. ಭದ್ರತೆಯ ಕಡೆಯವರ ವಾದ ಸರಳ: ಅಪಾಯ ಬಂದಾಗ ವಾರಂಟ್‌ಗೆ ಕಾಯುತ್ತ ಕೂರಲಾಗದು, ಕಾನೂನಿನ ಅವಧಿ ಒಂದು ದಿನ ತಪ್ಪಿದರೂ ಕಿಂಡಿ ಬಿಡುತ್ತದೆ. ಪಕ್ಷದವರ ಸಿಟ್ಟು ಬೇರೆ: 53 ಜನರ ಬಹುಮತದಲ್ಲಿ ಮೂವರು ಹೋದರೆ ಉಪಾಧ್ಯಕ್ಷರನ್ನು ಕರೆಸಬೇಕಾಗುತ್ತದೆ, ಇದು ಆಟವಲ್ಲ.

ನನಗೆ ಹೆಚ್ಚು ತೂಕದ್ದು ಅನ್ನಿಸುವುದು ಮೂರನೆಯವರ, ಅಂದರೆ ನಾಗರಿಕ ಹಕ್ಕುಗಳ ಕಡೆಯವರ ಪ್ರಶ್ನೆ. 2025ರ ಜನವರಿಯಲ್ಲಿ ಲೇಕನ್ ರೈಲಿ ಕಾನೂನು 64–35ರಲ್ಲಿ ಪಾಸಾಯಿತು. ದಾಖಲೆ ಇಲ್ಲದ ವಲಸಿಗರ ಮೇಲೆ ಕಳ್ಳತನದಂಥ ಆರೋಪ ಬಂದರೆ ಸಾಕು, ಶಿಕ್ಷೆಯಾಗದಿದ್ದರೂ ಹಿಡಿದಿಡಬೇಕು ಎನ್ನುತ್ತದೆ ಅದು. ಪಾಲ್ ‘ಹೌದು’ ಎಂದರು. ಅದೇ ತಿಂಗಳು ಕ್ರಿಸ್ಟಿ ನೋಯಮ್ ಅವರನ್ನು ಭದ್ರತಾ ಇಲಾಖೆಯ ಮುಖ್ಯಸ್ಥೆಯಾಗಿ 59–34ರಲ್ಲಿ ಒಪ್ಪಿದಾಗಲೂ ‘ಹೌದು’. ನ್ಯಾಯಾಧೀಶರ ಮುಂದೆ ಹೋಗದೆ ಯಾರ ಫೋನ್ ವಿವರವನ್ನೂ ಮುಟ್ಟಬಾರದು ಎನ್ನುವವರು, ತೀರ್ಪಿಗೆ ಮೊದಲೇ ಮನುಷ್ಯನನ್ನೇ ಹಿಡಿದಿಡುವ ಕಾನೂನಿಗೆ ಹೇಗೆ ಒಪ್ಪಿದರು? ಅವರ ವಾರಂಟ್‌ನ ಪ್ರಶ್ನೆ ನಾಗರಿಕರ ಹತ್ತಿರ ಬಂದು ನಿಲ್ಲುತ್ತದೆ. ವಲಸಿಗರವರೆಗೆ ಹೋಗುವುದಿಲ್ಲ. ಹಟಮಾರಿ ಎಂದು ಬೈಯುವವರಿಗಿಂತ ಈ ಪ್ರಶ್ನೆ ಕೇಳುವವರಿಗೆ ಅವರ ಮತಪಟ್ಟಿ ಚೆನ್ನಾಗಿ ಅರ್ಥವಾಗಿದೆ.

ಬೆಂಗಳೂರಿನವರಿಗೆ ಇದರಿಂದ ಏನು?

702ನೇ ಸೆಕ್ಷನ್ ಇರುವುದೇ ಅಮೆರಿಕದ ಹೊರಗಿರುವ ವಿದೇಶಿಯರಿಗಾಗಿ. ವಿದೇಶಿ ಬೇಹುಗಾರಿಕೆಯ ಕಾರಣ ಇದ್ದರೆ ಅಮೆರಿಕನ್ ಕಂಪನಿಯ ಮೇಲ್ ಅಥವಾ ಚಾಟ್ ಬಳಸುವ ಬೆಂಗಳೂರಿನ ಮನುಷ್ಯನ ಸಂದೇಶವನ್ನು ಅವನ ಹೆಸರಲ್ಲಿ ವಾರಂಟ್ ಇಲ್ಲದೆಯೇ ತೆಗೆಯಬಹುದು. ಸೆನೆಟ್‌ನಲ್ಲಿ ಜಗಳವಾಗಿದ್ದು ಆ ರಾಶಿಯಲ್ಲಿ ಸಿಕ್ಕಿಕೊಂಡ ಅಮೆರಿಕನ್ನರ ಸಂದೇಶ ಹುಡುಕಲು ವಾರಂಟ್ ಬೇಕೇ ಎಂಬುದರ ಬಗ್ಗೆ ಮಾತ್ರ. 2024ರಲ್ಲಿ ಅಂಥ ತಿದ್ದುಪಡಿ 42–50ರಲ್ಲಿ ಬಿತ್ತು. ಅದು ಗೆದ್ದಿದ್ದರೂ ಬೆಂಗಳೂರಿನವರ ಸ್ಥಿತಿ ಬದಲಾಗುತ್ತಿರಲಿಲ್ಲ. ಪಾಲ್ ಅವರ ‘ಬೇಡ’ವನ್ನು ನಮ್ಮ ಪರ ಅಂದುಕೊಳ್ಳುವ ಹಾಗಿಲ್ಲ.

ಜುಲೈನ ಮಸೂದೆಯಲ್ಲೂ ನಮಗೆ ತಾಗುವ ಒಂದು ಸಾಲಿತ್ತು. ಅಮೆರಿಕದಿಂದ ಊರಿಗೆ ನಗದು ಅಥವಾ ಮನಿ ಆರ್ಡರ್ ಮೂಲಕ ಕಳಿಸುವ ಹಣಕ್ಕೆ 2026ರ ಜನವರಿಯಿಂದ ಶೇ 1ರಷ್ಟು ತೆರಿಗೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಎಂಜಿನಿಯರ್ ಮೈಸೂರಿನ ತಾಯಿಗೆ ಖಾತೆಯಿಂದ ಹಣ ಹಾಕಿದರೆ ಚಿಂತೆ ಇಲ್ಲ. ಪಾಲ್ ಅದನ್ನೂ ಸೇರಿಸಿಯೇ ‘ಬೇಡ’ ಎಂದರು, ಆದರೆ ಆ ಕಾರಣಕ್ಕಲ್ಲ.

ಇಲ್ಲಿನವರ ನಿದ್ದೆಗೆಡಿಸಿದ ತೀರ್ಮಾನಕ್ಕಂತೂ ಮತವೇ ನಡೆಯಲಿಲ್ಲ. ಹೊಸ ಎಚ್‌–1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷರ ಒಂದು ಘೋಷಣೆಯಲ್ಲಿ ಬಂತು. ಯಾವ ಸೆನೆಟರ್ ಪರ, ಯಾರು ವಿರುದ್ಧ ಅಂತ ಹುಡುಕಿದರೆ ಏನೂ ಸಿಗದು.

ನಮ್ಮ ಸಂಸದರ ಪಟ್ಟಿ ಎಲ್ಲಿ?

ಇಷ್ಟೆಲ್ಲ ಓದಿದ ಮೇಲೆ ನಮ್ಮ ಕ್ಷೇತ್ರದ ಸಂಸದರು ಹೇಗೆ ಮತ ಹಾಕಿದ್ದಾರೆ ಅಂತ ಯಾರಿಗಾದರೂ ಅನ್ನಿಸಬಹುದು. ಹುಡುಕಿದರೆ ಸಿಗುವುದು ಬಹಳ ಕಡಿಮೆ. ನಮ್ಮಲ್ಲಿ ಮಸೂದೆಗಳು ಹೆಚ್ಚಾಗಿ ಧ್ವನಿಮತದಲ್ಲಿ ಪಾಸಾಗುತ್ತವೆ. ನಮ್ಮ ವೈಯಕ್ತಿಕ ವಿವರಗಳ ರಕ್ಷಣೆಯ 2023ರ ಕಾನೂನು, ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ದೂರಸಂಪರ್ಕ ಕಾನೂನು, ಎರಡೂ ಹಾಗೆಯೇ ಆದವು. ಎರಡನೆಯದರಲ್ಲಿ ಫೋನ್ ಕದ್ದಾಲಿಕೆಯ ಅಧಿಕಾರವೂ ಇದೆ. 2019ರ ಯುಎಪಿಎ ತಿದ್ದುಪಡಿಗೆ ಮಾತ್ರ ಎಣಿಕೆ ನಡೆದು ರಾಜ್ಯಸಭೆಯಲ್ಲಿ 147–42 ಎಂದು ದಾಖಲಾಯಿತು.

ಎಣಿಕೆ ನಡೆದರೂ ಅದರಿಂದ ತಿಳಿಯುವುದು ಪಕ್ಷದ ನಿಲುವು, ವ್ಯಕ್ತಿಯದ್ದಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಮೈತ್ರಿ ಸರ್ಕಾರ ಬಿದ್ದ 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾಗಿದ್ದನ್ನು ಎಲ್ಲರೂ ನೋಡಿದ್ದೇವೆ. ವಿಪ್‌ನ ಬಿಗಿಯನ್ನು ಸರ್ಕಾರದ ಅಳಿವು–ಉಳಿವಿನಂಥ ಮತಗಳಿಗೆ ಸೀಮಿತ ಮಾಡುವುದು ಒಳ್ಳೆಯದು ಎಂದು ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಪಕ್ಷಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಲ್ ನಮ್ಮ ಲೋಕಸಭೆಯಲ್ಲಿದ್ದಿದ್ದರೆ 2011ರಲ್ಲೇ ಮನೆಗೆ ಹೋಗುವ ಸಾಧ್ಯತೆ ಇತ್ತು. ಇದರಿಂದ ಅಲ್ಲಿನ ವ್ಯವಸ್ಥೆ ಮೇಲು ಅಂತೇನೂ ಆಗಲಿಲ್ಲ. ಒಬ್ಬಿಬ್ಬರ ಆಕ್ಷೇಪಕ್ಕೆ ಕಾನೂನೊಂದು ಆರು ವಾರ ಸತ್ತಿರುವುದು ಅಲ್ಲೇ ಸಾಧ್ಯ.

ಗಡುವುಗಳು

2024ರ ಕಾನೂನು 702ನೇ ಸೆಕ್ಷನ್‌ಗೆ ಕೊಟ್ಟಿದ್ದು ಎರಡೇ ವರ್ಷ, ಅಂದರೆ 2026ರ ಏಪ್ರಿಲ್‌ವರೆಗೆ. ಸೈಬರ್ ಕಾನೂನಿಗೆ 2025ರ ನವೆಂಬರ್‌ನಲ್ಲಿ ಸಿಕ್ಕ ಜೀವ 2026ರ ಜನವರಿವರೆಗೆ ಇತ್ತು. ಎರಡರಲ್ಲೂ ಪಾಲ್ ಅವರ ನಿಲುವು ಊಹಿಸುವುದು ಕಷ್ಟವಲ್ಲ, ಆದರೆ ಅವರ ಕೈಯಲ್ಲಿರುವ ಬಲ ಒಂದೇ ಅಲ್ಲ. 702 ಅವರ ಸಮಿತಿಗೆ ಬರುವುದಿಲ್ಲ. ಅಲ್ಲಿ ಅವರು ದೀರ್ಘ ಭಾಷಣ ಮಾಡಬಹುದು, ತಿದ್ದುಪಡಿ ತರಬಹುದು, ತಡ ಮಾಡಬಹುದು, ಕೊನೆಗೆ ಒಂದು ಮತ ಹಾಕಬಹುದು. ಎಣಿಕೆ ಮೊದಲಿನಂತೆಯೇ ಬಂದರೆ ಅದರಿಂದ ಫಲಿತಾಂಶ ಬದಲಾಗದು. ಸೈಬರ್ ಕಾನೂನು ಅವರ ಮೇಜಿನ ಮೇಲಿನದು. ಅಲ್ಲಿ ಅವರು ಸುಮ್ಮನೆ ಕೂತರೂ ಅದೇ ಒಂದು ತೀರ್ಮಾನ. ಅವರನ್ನು ದಾಟಬೇಕಾದರೆ ಪಕ್ಷದ ನಾಯಕರು ನವೆಂಬರ್‌ನಲ್ಲಿ ಮಾಡಿದಂತೆ ಬೇರೊಂದು ದೊಡ್ಡ ಮಸೂದೆಯ ಬೆನ್ನಿಗೆ ಅದನ್ನು ಕಟ್ಟಬೇಕು. ಹಾಗೆ ಕಟ್ಟಿದಷ್ಟೂ ಪಾಲ್ ಅವರ ಹೆಸರಿನ ಮುಂದೆ, ಏನಕ್ಕೆ ಎಂದು ಹೇಳಲಾಗದ, ಇನ್ನಷ್ಟು ‘ಬೇಡ’ಗಳು ಸೇರುತ್ತವೆ. ಮತದಾರರ ಮುಂದೆ ಅವುಗಳಿಗೆ ಲೆಕ್ಕ ಕೊಡಬೇಕಾದದ್ದು 2028ರಲ್ಲಿ.